ದೊಡ್ಡಪ್ಪ ಜಾರುಬಂಡೆ ಹತ್ತಿದ್ದು

ನಮ್ಮ ದೊಡ್ಡಪ್ಪ ಮನುಷ್ಯರ ಜೊತೆ ಮಾತಾಡುವುದನ್ನು ಕಲಿತದ್ದೇ ರಿಟೈರ್ ಆದ ಮೇಲೆ! ಅದೂ ಇನ್ನೂ ಪೂರ್ತಿ ಬಂದಿಲ್ಲ, ಅಲ್ಲಲ್ಲಿ ತೊದಲುತ್ತಾರೆ ಅನ್ನುವುದು ದೊಡ್ಡಮ್ಮನ ದೂರು.

ತಮಾಷೆ ಅಂದುಕೊಳ್ಳಬೇಡಿ. ದೊಡ್ಡಪ್ಪ ಅಂದರೆ ನಮ್ಮಮ್ಮನ ಅಕ್ಕನ ಗಂಡ. ಕುಣಿಗಲ್‌ನವರು. ಅಲ್ಲಿ ಕುದುರೆ ಸಾಕುವ ಫಾರಂ ಒಂದರಲ್ಲಿ ಮೂವತ್ತೆಂಟು ವರ್ಷ ದುಡಿದರು. ದೊಡ್ಡ ಕುದುರೆಗಳನ್ನು ಪಳಗಿಸುವವರು, ಲಾಳ ಹೊಡೆಯುವವರು ಬೇರೆ ಇದ್ದರು. ಇವರ ಪಾಲಿಗೆ ಬಂದದ್ದು ಮರಿಗಳು. ಆಗತಾನೆ ಹುಟ್ಟಿದ ಮರಿ ನಡುಗುವ ಕಾಲಲ್ಲಿ ಎದ್ದು ನಿಲ್ಲುವುದರಿಂದ ಹಿಡಿದು, ಆರು ತಿಂಗಳಾದ ಮೇಲೆ ಅದನ್ನು ತಾಯಿಯಿಂದ ಬಿಡಿಸಿ ಬೇರೆ ಲಾಯದಲ್ಲಿ ಕಟ್ಟುವ ತನಕ ಎಲ್ಲ ಇವರದೇ. ಬೆಳಕು ಹರಿಯುವ ಮುಂಚೆ ಹೋದರೆ ದೀಪ ಹಚ್ಚಿದ ಮೇಲೆ ಮನೆಗೆ ಬರುವುದು. ದಿನವಿಡೀ ಮಾತಾಡದ ಪ್ರಾಣಿಗಳ ನಡುವೆ ಇದ್ದವರಿಗೆ ಮಾತು ಎಲ್ಲಿಂದ ಬರಬೇಕು, ನೀವೇ ಹೇಳಿ?

ಬಾರದಿದ್ದರೆ ಹೋಗಲಿ. ಅವರು ಮನುಷ್ಯರನ್ನೂ ಅದೇ ಲೆಕ್ಕದಲ್ಲಿ ನೋಡುತ್ತಾರಲ್ಲ, ಕಷ್ಟ ಇರುವುದು ಅಲ್ಲಿ!

ನನಗೆ ಗಂಡು ನೋಡಿದಾಗಿನ ಕಥೆ ಕೇಳಿ. ಹುಡುಗನ ಕಡೆಯವರು ಬಂದು ಕೂತಿದ್ದರು. ನಮ್ಮವರೆಲ್ಲ ಕೆಲಸ ಪರ್ಮನೆಂಟಾ, ಊರಲ್ಲಿ ಜಮೀನಿದೆಯಾ ಅಂತ ಕೇಳುತ್ತಿದ್ದರೆ, ದೊಡ್ಡಪ್ಪ ಎದ್ದು ಹುಡುಗನನ್ನು ಅಂಗಳಕ್ಕೆ ಕರೆದುಕೊಂಡು ಹೋದರು. ಆ ಗೋಡೆಯಿಂದ ಈ ಗೋಡೆಗೆ ಎರಡು ಸಲ ನಡೆಸಿದರು! ತಾವು ಕುಕ್ಕರಗಾಲಲ್ಲಿ ಕೂತು ಹುಡುಗನ ಪಾದವನ್ನೇ ನೋಡಿದರು. ಆಮೇಲೆ ಒಳಗೆ ಬಂದು ಎಲ್ಲರ ಮುಂದೆ ಹೇಳಿದರು: "ಬಲಗಾಲು ಒಂಚೂರು ಎಳೀತಾನೆ. ಆದ್ರೂ ಮೂಳೆ ಗಟ್ಟಿಯಾಗೈತೆ. ಕೊಡಬೋದು."

ಹನ್ನೆರಡು ವರ್ಷವಾಯಿತು. ನನ್ನ ಗಂಡ ಈಗಲೂ ಬಟ್ಟೆ ಅಂಗಡಿಯ ದೊಡ್ಡ ಕನ್ನಡಿ ಕಂಡರೆ ನಾಲ್ಕು ಹೆಜ್ಜೆ ನಡೆದು ನೋಡಿಕೊಳ್ಳುತ್ತಾರೆ.

ಇನ್ನು ಬೆಲ್ಲದ ಸಮಾಚಾರ. ದೊಡ್ಡಪ್ಪನ ಅಂಗಿ ಜೇಬಿನಲ್ಲಿ ಸದಾ ಕಾಗದದಲ್ಲಿ ಸುತ್ತಿದ ಬೆಲ್ಲದ ಚೂರುಗಳು. ಯಾರಾದರೂ ಮನೆಗೆ ಬಂದರೆ "ಬನ್ನಿ, ಕೂತ್ಕೊಳ್ಳಿ" ಅನ್ನುವುದಿಲ್ಲ. ಅಂಗೈಯನ್ನು ಚಪ್ಪಟೆಯಾಗಿ ಚಾಚಿ, ಹೆಬ್ಬೆರಳು ಪಕ್ಕಕ್ಕೆ ಒತ್ತಿ, ಅದರ ಮೇಲೆ ಒಂದು ಚೂರು ಬೆಲ್ಲ ಇಟ್ಟು ಮೂತಿ ಹತ್ತಿರ ಹಿಡಿಯುತ್ತಾರೆ. ಬೆರಳು ಕಚ್ಚಿಸಿಕೊಳ್ಳಬಾರದಲ್ಲ! ಕರೆಂಟ್ ಬಿಲ್ ಬರೆಯುವವನು ಒಬ್ಬ ಹೊಸದಾಗಿ ಬಂದಿದ್ದ. ಪಾಪ, ಏನೂ ಕೇಳದೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಅವನು ಗೇಟು ದಾಟಿದ ಮೇಲೆ ದೊಡ್ಡಪ್ಪ ಸರ್ಟಿಫಿಕೇಟ್ ಕೊಟ್ಟರು: "ಬೆದರೋ ಜಾತಿ ಅಲ್ಲ. ಒಳ್ಳೇದು."

ಎಲ್ಲಕ್ಕಿಂತ ದೊಡ್ಡ ವಿಚಿತ್ರ ಅಂದರೆ ಅವರು ಯಾರನ್ನೂ ಕೂಗಿ ಕರೆಯುವುದಿಲ್ಲ. ದೊಡ್ಡಮ್ಮ ಬೇಕು ಅನ್ನಿಸಿದರೆ ಅಡುಗೆಮನೆ ಬಾಗಿಲವರೆಗೆ ಹೋಗಿ, ಬೆನ್ನು ತಿರುಗಿಸಿ, ಸುಮ್ಮನೆ ನಿಲ್ಲುತ್ತಾರೆ. ಎಷ್ಟು ಹೊತ್ತಾದರೂ ಸರಿ.

"ಅದೇನು ಬೇಕು ಬಾಯ್ಬಿಟ್ಟು ಹೇಳ್ಬಾರದೇನ್ರೀ?" ಅಂತ ದೊಡ್ಡಮ್ಮ ಸೌಟು ಹಿಡಿದೇ ಹೊರಗೆ ಬರುತ್ತಾರೆ.

"ನೋಡ್ದ್ಯಾ, ಬಂದ್ಯಲ್ಲ! ಎದುರಿಗೆ ನಿಂತು ಕರೆದ್ರೆ ಪ್ರಾಣಿ ಹಿಂದಕ್ಕೆ ಹೋಗುತ್ತೆ. ಬೆನ್ನು ಕೊಟ್ಟು ನಿಂತ್ರೆ ಅದೇನು ಅಂತ ತಾನಾಗಿ ಹತ್ರ ಬರುತ್ತೆ."

"ಹಂಗಾದ್ರೆ ನಾನು ಪ್ರಾಣೀನಾ?"

"ಅಲ್ವಾ ಮತ್ತೆ?"

ಅವತ್ತು ರಾತ್ರಿ ಆ ಮನೆಯಲ್ಲಿ ಒಲೆ ಹತ್ತಲಿಲ್ಲ.

ಇಂಥ ದೊಡ್ಡಪ್ಪನನ್ನು ಕಳೆದ ದಸರಾ ರಜೆಯಲ್ಲಿ ಮಕ್ಕಳು ಆಡುವ ಜಾಗಕ್ಕೆ ಕರೆದುಕೊಂಡು ಹೋದೆವು. ಅವತ್ತಿನ ಸಂಗತಿ ಹೇಳಬೇಕೆಂದೇ ಕೂತಿದ್ದೇನೆ. ಆದರೆ ಅದಕ್ಕೆ ಮುಂಚೆ ನನ್ನ ತಂಗಿಯ ವಿಷಯ ಹೇಳಬೇಕು. ಅದರಲ್ಲಿ ನಗುವಂಥದ್ದು ಏನೂ ಇಲ್ಲ.

ನನ್ನ ತಂಗಿ ಸುಧಾ ಇರುವುದು ಗುಬ್ಬಿಯಲ್ಲಿ. ಅವಳ ಗಂಡನಿಗೆ ಅಲ್ಲಿ ಸ್ಟೇಷನರಿ ಅಂಗಡಿ ಇತ್ತು. ಒಂದು ಭಾನುವಾರ ಬೆಳಗ್ಗೆ ತಿಂಡಿ ತಿಂದು ಎದ್ದವನು ಎದೆ ಹಿಡಿದುಕೊಂಡು ಕೂತ. ಮನೆಯಲ್ಲಿ ಗಾಬರಿ. ಮಗಳು ಚಾರ್ವಿಗೆ ಆಗ ನಾಲ್ಕು ವರ್ಷ. "ಪಕ್ಕದ್ಮನೇಲಿ ಆಡ್ಕೋ ಹೋಗಮ್ಮ, ಈಗ ಬರ್ತೀವಿ" ಅಂತ ಅವಳನ್ನು ಕಳಿಸಿ, ಆಟೋದಲ್ಲಿ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಮುಗಿದುಹೋಯಿತು. ಮೂವತ್ತೇಳು ವರ್ಷದ ಮನುಷ್ಯ.

ಅಲ್ಲಿಂದ ಹದಿನೈದು ತಿಂಗಳು ಆ ಮಗು ತಾಯಿಯ ಬಟ್ಟೆ ಬಿಡಲಿಲ್ಲ. ನಿಜವಾಗಿಯೂ ಬಿಡಲಿಲ್ಲ. ಸೀರೆ ಉಟ್ಟರೆ ಸೆರಗು, ಚೂಡಿದಾರ ಹಾಕಿದರೆ ವೇಲು, ಒಂದು ತುದಿ ಮಗುವಿನ ಮುಷ್ಟಿಯಲ್ಲಿ. ಸುಧಾ ಸ್ನಾನಕ್ಕೆ ಹೋದರೆ ಬಾಗಿಲು ತೆರೆದೇ ಇರಬೇಕು. ಶಾಲೆಗೆ ಹಾಕಿದರೆ ಸುಧಾ ವರಾಂಡದಲ್ಲಿ ಕೂರಬೇಕು, ಅದೂ ಕಿಟಕಿಗೆ ನೇರವಾಗಿ. ಟೀಚರ್ ಎರಡು ತಿಂಗಳು ನೋಡಿ ಕೈ ಚೆಲ್ಲಿದರು. ನಾವು ದೇವರಿಗೆ ಹರಕೆ ಹೊತ್ತದ್ದಾಯಿತು, ದೇವರಾಯನದುರ್ಗಕ್ಕೆ ಹೋಗಿ ಬಂದದ್ದಾಯಿತು, ಡಾಕ್ಟರ್ ಹತ್ತಿರ ತೋರಿಸಿದ್ದೂ ಆಯಿತು. "ಟೈಮ್ ಕೊಡಿ" ಅಂದರು ಡಾಕ್ಟರ್. ಆದರೆ ಟೈಮೇ ಇರಲಿಲ್ಲ. ರಜೆ ಮುಗಿದ ಸೋಮವಾರ ಸುಧಾ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಅಂಗಡಿ ಮುಚ್ಚಿ ವರ್ಷವಾಗಿತ್ತು. ಆ ಕೆಲಸ ಬಿಟ್ಟರೆ ಇನ್ನೊಂದು ಸಿಗುವ ಭರವಸೆ ಇರಲಿಲ್ಲ. ಮಗುವನ್ನು ಜೊತೆಗೆ ತರುವಂತಿಲ್ಲ ಅಂತ ಅವರು ಮೊದಲೇ ಹೇಳಿದ್ದರು.

"ನಾಲ್ಕು ಮಕ್ಕಳು ಆಡೋ ಜಾಗಕ್ಕೆ ಕರ್ಕೊಂಡು ಹೋಗೋಣ. ಆಟದ ಗುಂಗಲ್ಲಾದ್ರೂ ಸೆರಗು ಬಿಡುತ್ತೇನೋ ನೋಡೋಣ" ಅಂದೆ ನಾನು. ನಾನಿರುವುದು ತುಮಕೂರಿನಲ್ಲಿ, ಶಿರಾ ಗೇಟ್ ಕಡೆ. ಅಲ್ಲೇ ಹತ್ತಿರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಇಂಥದ್ದೊಂದು ಜಾಗ ಶುರುವಾಗಿತ್ತು. ಸುಧಾ ಮಗಳ ಜೊತೆ ಗುಬ್ಬಿಯಿಂದ ಬಂದಳು. ವಿಷಯ ಕೇಳಿ ದೊಡ್ಡಮ್ಮ ಕುಣಿಗಲ್‌ನಿಂದ ಬಸ್ಸು ಹತ್ತಿದರು. ದೊಡ್ಡಮ್ಮನ ಹಿಂದೆ ದೊಡ್ಡಪ್ಪ. ನನ್ನ ಮಗಳು ಮೋನಿ, ಒಂಬತ್ತು ವರ್ಷದವಳು, ಬೆಳಗಿನಿಂದಲೇ ಶೂ ಹಾಕಿಕೊಂಡು ಕೂತಿದ್ದಳು.

ಆ ಜಾಗ ನೋಡಿದ್ದೀರಾ? ನೆಲ ಮೆತ್ತಗೆ, ಗೋಡೆ ಮೆತ್ತಗೆ, ಕಂಬಕ್ಕೂ ಹಾಸಿಗೆ ಸುತ್ತಿರುತ್ತಾರೆ. ಎಲ್ಲಿ ಬಿದ್ದರೂ ಪೆಟ್ಟಾಗದ ಹಾಗೆ. ನಡುವೆ ಚಾವಣಿ ಮುಟ್ಟುವಷ್ಟು ಎತ್ತರದ ನಾಲ್ಕು ಅಂತಸ್ತಿನ ಗೂಡು. ಸುತ್ತ ಬಲೆ, ಒಳಗೆ ತೂರಿಕೊಂಡು ಹೋಗುವ ಪ್ಲಾಸ್ಟಿಕ್ ಕೊಳವೆಗಳು. ಮೇಲಿನಿಂದ ಒಂದು ಉದ್ದನೆಯ ಜಾರುಬಂಡೆ ಇಳಿದು ಬಣ್ಣದ ಚೆಂಡುಗಳ ಕೊಳಕ್ಕೆ ಬೀಳುತ್ತದೆ. ನಮ್ಮ ಕಾಲದಲ್ಲಿ ಸ್ಕೂಲಿನ ಜಾರುಬಂಡೆಯಲ್ಲಿ ಚಡ್ಡಿ ಹರಿಯದೆ ಮನೆಗೆ ಬಂದವರುಂಟೇ?

ನೋಡಿಕೊಳ್ಳಲು ಇದ್ದವರು ಶಬಾನಾ ಮೇಡಂ. ನಲವತ್ತೈದರ ಆಸುಪಾಸು, ತಲೆ ಮೇಲೆ ನೀಲಿ ಸ್ಕಾರ್ಫ್, ಕುತ್ತಿಗೆಯಲ್ಲಿ ಒಂದು ಸೀಟಿ. ಕಟ್ಟುನಿಟ್ಟಿನ ಹೆಂಗಸು. ಬಾಗಿಲಲ್ಲೇ ಹೇಳಿದರು, "ಎಲ್ರೂ ಸಾಕ್ಸ್ ಹಾಕ್ಬೇಕು. ಹೊರಗಿನ ತಿಂಡಿ ಒಳಗೆ ಬಿಡಲ್ಲ."

ದೊಡ್ಡಪ್ಪನ ಜೇಬು ಉಬ್ಬಿರುವುದು ಅವರ ಕಣ್ಣಿಗೆ ಬಿತ್ತು. "ಸರ್, ಅದೇನು?"

ದೊಡ್ಡಪ್ಪ ಕಾಗದ ಬಿಚ್ಚಿ, ಅಂಗೈ ಚಪ್ಪಟೆ ಮಾಡಿ, ಬೆಲ್ಲದ ಚೂರು ಅವರ ಮುಂದೆ ಚಾಚಿದರು. ದೊಡ್ಡಮ್ಮ ನಾಚಿಕೆಯಿಂದ ಗೋಡೆ ಕಡೆ ತಿರುಗಿದರು. ಶಬಾನಾ ಮೇಡಂ ಒಂದು ಗಳಿಗೆ ಬೆಲ್ಲ ನೋಡಿದರು, ಒಂದು ಗಳಿಗೆ ದೊಡ್ಡಪ್ಪನನ್ನು ನೋಡಿದರು. ಆಮೇಲೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. "ಉಳಿದಿದ್ದು ಜೇಬಲ್ಲೇ ಇರ್ಲಿ" ಅಂದರು.

ದೊಡ್ಡಪ್ಪ ನನ್ನ ಕಿವಿಯಲ್ಲಿ, "ಒಳ್ಳೇ ಹೆಣ್ಮಗಳು" ಅಂದರು.

ಒಳಗೆ ಹೋದರೆ ಮೂಲೆಯಲ್ಲಿ ಪ್ಲಾಸ್ಟಿಕ್ ಕುದುರೆ ಒಂದು ನಿಂತಿತ್ತು, ಕೂತರೆ ಹಿಂದಕ್ಕೂ ಮುಂದಕ್ಕೂ ತೂಗುವಂಥದ್ದು. ದೊಡ್ಡಪ್ಪನ ಲೋಕ ಅಲ್ಲಿಗೆ ಸೀಮಿತವಾಯಿತು. ಅದರ ಕಾಲು ತಡವಿ, ಬೆನ್ನು ತಡವಿ, ಕೊನೆಗೆ ಬಾಯಿಗೂ ಬೆರಳು ಹಾಕಿ ನೋಡಿ, "ಇದನ್ನ ಮಾಡ್ದೋನು ಜನ್ಮದಲ್ಲಿ ಕುದುರೆ ನೋಡಿಲ್ಲ. ಮಂಡಿ ಹಿಂದುಮುಂದಾಗೈತೆ. ಪಾಪ, ನಡೆಯೋದಾದ್ರೂ ಹೆಂಗೆ?" ಅಂತ ಬೇಸರ ಮಾಡಿಕೊಂಡು ಅದರ ಪಕ್ಕದಲ್ಲೇ ಕೂತುಬಿಟ್ಟರು.

ಮೋನಿ ಚಿಗರೆಯ ಹಾಗೆ ಗೂಡು ಹತ್ತಿದಳು. ಚಾರ್ವಿ ಮಾತ್ರ ಅಮ್ಮನ ವೇಲು ಹಿಡಿದು ನಿಂತೇ ಇದ್ದಳು. ಸುತ್ತ ಮೂವತ್ತು ಮಕ್ಕಳು ಕಿರುಚುತ್ತಿದ್ದರೆ ಇವಳ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ಹೋಗು ಪುಟ್ಟಿ, ನಾನಿಲ್ಲೇ ಇರ್ತೀನಿ" ಅಂತ ಸುಧಾ ಎಷ್ಟು ಸಲ ಹೇಳಿದಳೋ. ಆಗ ಮೇಲಿನ ಅಂತಸ್ತಿನ ಬಲೆಗೆ ಮುಖ ಒತ್ತಿ ಮೋನಿ ಕೂಗಿದಳು, "ಚಿಕ್ಕಮ್ಮಾ! ಇಲ್ಲಿಂದ ನೀವೆಲ್ಲ ಚೆನ್ನಾಗಿ ಕಾಣ್ತೀರ!"

ಚಾರ್ವಿ ಮೇಲೆ ನೋಡಿದಳು. ವೇಲು ಬಿಟ್ಟಳು. ನೆಟ್ಟಗೆ ಹೋಗಿ ಗೂಡಿನೊಳಗೆ ನುಗ್ಗಿದಳು!

ನಮಗೆ ನಂಬಲಾಗಲಿಲ್ಲ. ಸುಧಾ ತನ್ನ ವೇಲಿನ ಆ ಸುಕ್ಕು ತುದಿಯನ್ನು ಕೈಯಲ್ಲಿ ಹಿಡಿದು ನೋಡಿಕೊಂಡಳು, ಕಣ್ಣಲ್ಲಿ ನೀರು. ದೊಡ್ಡಮ್ಮ "ಸ್ವಾಮೀ, ಕಾಪಾಡಿದೆ" ಅಂತ ಕೈಮುಗಿದರು. ನಾನಂತೂ ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಮೇಲೆ, ತುದಿಯ ಬಲೆಯ ಹಿಂದೆ, ಒಂದು ಪುಟ್ಟ ಹಳದಿ ಫ್ರಾಕು ಕಾಣಿಸಿತು.

ಆ ಹಳದಿ ಫ್ರಾಕು ಒಂದು ಗಂಟೆಯಾದರೂ ಅಲ್ಲಿಂದ ಕದಲಲಿಲ್ಲ.

ಜಾರಲಿಲ್ಲ, ಆಡಲಿಲ್ಲ. ಪಕ್ಕದಿಂದ ಮಕ್ಕಳು ನುಗ್ಗಿಕೊಂಡು ಹೋಗುತ್ತಿದ್ದರೂ ಬಲೆ ಹಿಡಿದು ಕೂತೇ ಇದ್ದಳು. ನಮ್ಮ ಸಮಯ ಮುಗಿಯಿತು. ಮುಂದಿನ ಪಾಳಿಗೆ ಯಾರದೋ ಬರ್ತ್‌ಡೇ ಪಾರ್ಟಿ ಬುಕ್ ಆಗಿತ್ತು.

"ಚಾರ್ವಿ, ಬಾ ಇಳಿ, ಹೋಗೋಣ" ಅಂದಳು ಸುಧಾ. ಮಗು ತಲೆ ಅಲ್ಲಾಡಿಸಿತು. ದೊಡ್ಡಮ್ಮ ಐಸ್‌ಕ್ರೀಮ್ ಆಸೆ ತೋರಿಸಿದರು, ಆಮೇಲೆ ಗೊಂಬೆ, ಆಮೇಲೆ ಸೈಕಲ್. ನಾನು ಗದರಿದೆ. ಶಬಾನಾ ಮೇಡಂ ಮೈಕ್‌ನಲ್ಲಿ, "ಚಾರ್ವಿ ಬೇಟಾ, ದಯವಿಟ್ಟು ಕೆಳಗೆ ಬನ್ನಿ" ಅಂತ ರೈಲು ನಿಲ್ದಾಣದ ಹಾಗೆ ಹೇಳಿದರು. ಕರೆದಷ್ಟೂ ಮಗು ಬಲೆಯನ್ನು ಗಟ್ಟಿಯಾಗಿ ಹಿಡಿಯಿತು. ಕೊನೆಗೆ ಸುಧಾ ತಾನೇ ಹತ್ತಲು ಹೋದಳು. ಕೊಳವೆಗೆ ತಲೆ ಹಾಕಿದ್ದೇ ತಡ, ಮೇಲಿನಿಂದ ಎದೆ ಒಡೆಯುವಂಥ ಕಿರುಚಾಟ.

"ಬರ್ಬೇಡ! ಅಮ್ಮಾ, ಬರ್ಬೇಡ! ಅಲ್ಲೇ ಕೂತ್ಕೋ! ಅಲ್ಲೇ ಕೂತ್ಕೋ!"

ಸುಧಾ ಹೊರಗೆ ಬಂದಳು. ಅವಳ ಮುಖ ನೋಡಲಾಗಲಿಲ್ಲ. "ನೋಡಕ್ಕಾ," ಅಂದಳು ನನಗೆ, "ಇಷ್ಟು ದಿನ ಬಿಡ್ತಿರ್ಲಿಲ್ಲ, ಈಗ ಹತ್ರ ಬರ್ಬೇಡ ಅಂತಾಳೆ. ಏನ್ಮಾಡ್ಲಿ ನಾನು?" ಕುರ್ಚಿಯಲ್ಲಿ ಕುಸಿದಳು. ಅವಳು ಕೂತ ತಕ್ಷಣ ಮೇಲಿನ ಕಿರುಚಾಟ ನಿಂತಿತು. ಅದನ್ನು ನಾವ್ಯಾರೂ ಗಮನಿಸಲಿಲ್ಲ. ದೊಡ್ಡಪ್ಪ ಗಮನಿಸಿದರು.

ಪ್ಲಾಸ್ಟಿಕ್ ಕುದುರೆ ಪಕ್ಕದಿಂದ ಎದ್ದು ಬಂದು ಶಬಾನಾ ಮೇಡಂ ಮುಂದೆ ನಿಂತು, "ತಾಯಿ, ನಾನು ಹತ್ತಲಾ?" ಅಂದರು.

"ದೊಡ್ಡೋರು ಹತ್ತಂಗಿಲ್ಲ ಸರ್. ಭಾರ ತಡೆಯಲ್ಲ."

"ನನ್ನ ಮೈಮೇಲೆ ಭಾರ ಎಲ್ಲೈತೆ ನೋಡಿ."

ಶಬಾನಾ ಮೇಡಂ ನೋಡಿದರು. ಎಪ್ಪತ್ತರ ಮನುಷ್ಯ, ಒಣಗಿದ ಹುರುಳಿಕಾಯಿ ಹಾಗೆ. ಮೇಲೆ ಬಲೆ ಹಿಡಿದ ಮಗುವನ್ನೂ ನೋಡಿದರು. "ಹುಷಾರು ಸರ್" ಅಂದರು.

"ಈ ವಯಸ್ಸಲ್ಲಿ ಇದೆಲ್ಲ ಬೇಕೇನ್ರೀ? ಸೊಂಟ ಹಿಡ್ಕೊಂಡ್ರೆ ಉಜ್ಜೋಳು ನಾನು!" ಅಂತ ದೊಡ್ಡಮ್ಮ ಕೂಗುತ್ತಿದ್ದಂತೆ ದೊಡ್ಡಪ್ಪ ಪಂಚೆಯನ್ನು ಕಚ್ಚೆ ಕಟ್ಟಿ, ನೇರಳೆ ಬಣ್ಣದ ಸಾಕ್ಸ್ ಮೇಲಕ್ಕೆ ಎಳೆದುಕೊಂಡು, ಕೊಳವೆಯೊಳಗೆ ತಲೆ ತೂರಿಸಿದರು. ಐದು ನಿಮಿಷ ಎರಡು ನೇರಳೆ ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಅವೂ ನಿಧಾನವಾಗಿ ಮಾಯವಾದವು. ಎರಡನೇ ಅಂತಸ್ತಿನಲ್ಲಿ ಒಂದು ಸಲ ಕೆಮ್ಮು. ಮೂರನೆಯದರಲ್ಲಿ "ಶಿವಾ!" ಕೊನೆಗೆ ಮೇಲೆ, ಮಗುವಿನಿಂದ ಮೂರು ಮೊಳ ದೂರದಲ್ಲಿ, ವಿಭೂತಿ ಹಣೆ ಕಾಣಿಸಿತು.

ಅವರು ಮಗುವನ್ನು ನೋಡಲಿಲ್ಲ, ಕರೆಯಲಿಲ್ಲ. ಬೆನ್ನು ಕೊಟ್ಟು ಕೂತರು. ಅಷ್ಟೆ.

ಮೇಲೆ ಏನು ಮಾತಾಯಿತು ಅಂತ ನಮಗೆ ಆಗ ಕೇಳಿಸಲಿಲ್ಲ. ಕೆಳಗಿನ ಅಂತಸ್ತಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ಮೋನಿ ಆಮೇಲೆ ಹೇಳಿದ್ದು. ಸ್ವಲ್ಪ ಹೊತ್ತಿನ ಮೇಲೆ ಚಾರ್ವಿಯೇ ತೆವಳಿಕೊಂಡು ಹತ್ತಿರ ಬಂದು ಅವರ ಹೆಗಲು ತಟ್ಟಿದಳಂತೆ.

"ತಾತಾ, ಈ ಕಡೆ ಸರ್ಕೋ. ಅಡ್ಡ ಬರ್ತೀಯ."

"ಯಾರಿಗೆ ಅಡ್ಡ ಬಂದೆ ಕಣವ್ವ?"

"ಅಮ್ಮ ಕಾಣಲ್ಲ."

ದೊಡ್ಡಪ್ಪ ಸರಿದು ಕೂತು, ಅವಳು ನೋಡುತ್ತಿದ್ದ ಕಡೆಯೇ ನೋಡಿದರು. "ಹೌದಲ್ಲ! ಇಲ್ಲಿಂದ ಚೆನ್ನಾಗಿ ಕಾಣ್ತಾಳೆ. ಬಾಗಿಲೂ ಕಾಣುತ್ತೆ."

"ಹ್ಞೂಂ. ನಾನು ನೋಡ್ತಾ ಇದ್ರೆ ಹೋಗಲ್ಲ."

"ನೋಡದೆ ಇದ್ರೆ?"

"ಆಡ್ತಾ ಇದ್ರೆ ಹೊರಟೋಗ್ತಾರೆ. ಪಪ್ಪ ಹೋಯ್ತಲ್ಲ. ನಾನು ಪಕ್ಕದ್ಮನೇಲಿ ಆಡ್ತಿದ್ದೆ ಅವತ್ತು."

ಹದಿನೈದು ತಿಂಗಳಲ್ಲಿ ನಾವು ಆ ಮಗುವಿಗೆ ಏನೆಲ್ಲ ಹೇಳಿದ್ದೆವು! ಪಪ್ಪ ಊರಿಗೆ ಹೋಗಿದ್ದಾರೆ, ಪಪ್ಪ ದೇವರ ಹತ್ತಿರ ಇದ್ದಾರೆ, ಪಪ್ಪ ನಕ್ಷತ್ರ ಆಗಿದ್ದಾರೆ. ಒಬ್ಬರಾದರೂ ನೀನೇನು ಅಂದುಕೊಂಡಿದ್ದೀಯಾ ಅಂತ ಕೇಳಿರಲಿಲ್ಲ. ಆಡಲು ಹೋದದ್ದಕ್ಕೇ ಅಪ್ಪ ಹೊರಟುಹೋದ ಅನ್ನುವ ಲೆಕ್ಕವನ್ನು ಆ ಎಳೇ ತಲೆ ಹೊತ್ತುಕೊಂಡು ಓಡಾಡುತ್ತಿತ್ತು. ಅಂಥ ಮಗುವನ್ನು ನಾವು ಆಟದ ಜಾಗಕ್ಕೆ ಕರೆದುಕೊಂಡು ಬಂದು "ಹೋಗು ಆಡು, ಹೋಗು ಆಡು" ಅಂದಿದ್ದೆವು.

ದೊಡ್ಡಪ್ಪ ನಕ್ಷತ್ರ ತೋರಿಸಲಿಲ್ಲ. "ನಿಮ್ಮಪ್ಪ ಸತ್ತೋದ ಕಣವ್ವ," ಅಂದರಂತೆ. "ಅವನ ಎದೆ ನಿಂತೋಯ್ತು. ನೀನು ಆಡ್ತಿದ್ದಕ್ಕಲ್ಲ. ನೀನು ಪಕ್ಕದಲ್ಲೇ ಕೂತು ಕಣ್ಣು ಮುಚ್ಚದೆ ನೋಡ್ತಿದ್ರೂ ನಿಲ್ತಿತ್ತು. ನಿನ್ನಿಂದ ಏನೂ ಆಗಿಲ್ಲ."

ಮಗು ಅವರ ಬೆನ್ನಿಗೆ ಒರಗಿಕೊಂಡಿತಂತೆ.

ಆಮೇಲೆ ಆದದ್ದನ್ನು ಇಡೀ ಹಾಲ್‌ನಲ್ಲಿದ್ದವರು ಕೇಳಿದರು. ಹೆಂಡತಿಯನ್ನು ಒಂದು ದಿನವೂ ಕೂಗಿ ಕರೆಯದ ನಮ್ಮ ದೊಡ್ಡಪ್ಪ, ಬಲೆಗೆ ಬಾಯಿ ಹಚ್ಚಿ, ಫಾರಂ ಬಯಲಿನ ಆ ತುದಿಗೂ ಕೇಳುವ ಹಾಗೆ ಕೂಗಿದರು: "ಲೇ ಸುಧಾ! ಏಳು! ಬಾಗಿಲಿಂದ ಆಚೆ ಹೋಗು! ಹತ್ತು ಎಣಿಸಿ ಬಾ!"

ಸುಧಾ ನನ್ನ ಕಡೆ ನೋಡಿದಳು. "ಹೋಗೇ" ಅಂದೆ, ಏನೂ ಅರ್ಥವಾಗದೆ. ಅವಳು ಗಾಜಿನ ಬಾಗಿಲು ತಳ್ಳಿ ಹೊರಗೆ ಹೋದಳು. ಮೇಲೆ ಮಗು ಚೀರಿತು. ಚೀರಾಟದ ನಡುವೆ ದೊಡ್ಡಪ್ಪನ ದನಿ, "ಎಣಿಸವ್ವ. ಒಂದು. ಎರಡು. ನೀನೂ ಹೇಳು. ಮೂರು..." ಏಳರ ಹೊತ್ತಿಗೆ ಅಳುವಿನ ಮಧ್ಯೆ ಸಣ್ಣ ದನಿಯೂ ಸೇರಿತು. ಹತ್ತು ಅನ್ನುವಾಗ ಬಾಗಿಲು ತೆರೆದು ಸುಧಾ ಬಂದಳು.

"ಬಂದ್ಲಾ?"

"ಬಂದ್ಲು."

"ಇನ್ನೊಂದ್ಸಲ! ಇಪ್ಪತ್ತು!"

ಎರಡನೇ ಸಲ ಮಗು ಚೀರಲಿಲ್ಲ, ಬಿಕ್ಕಿತು. ಯಾರದೋ ತಂದೆ ತಾಯಿಗಳು ಮೊಬೈಲ್ ಇಳಿಸಿ ಮೇಲೆ ನೋಡತೊಡಗಿದರು. ಬರ್ತ್‌ಡೇ ಪಾರ್ಟಿಯವರು ಬಣ್ಣದ ಟೋಪಿ ಹಾಕಿಕೊಂಡು ಬಂದೇಬಿಟ್ಟರು. ಶಬಾನಾ ಮೇಡಂ ಅವರನ್ನು ಬಾಗಿಲಲ್ಲೇ ತಡೆದು ಏನೋ ಹೇಳಿದರು. ಮೂರನೇ ಸಲ ಐವತ್ತು ಎಣಿಸುವಾಗ ಟೋಪಿ ಮಕ್ಕಳೂ, ಅವರ ಅಜ್ಜಿಯೂ, ಶಬಾನಾ ಮೇಡಮ್ಮೂ, ಎಲ್ಲರೂ ಎಣಿಸುತ್ತಿದ್ದರು. ಮೂವತ್ತೊಂಬತ್ತರಲ್ಲಿ ದೊಡ್ಡಪ್ಪ ಲೆಕ್ಕ ತಪ್ಪಿ ಮತ್ತೆ ಮೂವತ್ತಕ್ಕೆ ಹೋದರು. "ನಲವತ್ತು ತಾತಾ, ನಲವತ್ತು!" ಅಂತ ಚಾರ್ವಿ ಗದರಿದಳು. ಆ ಮಗುವಿನ ಬಾಯಲ್ಲಿ ಗದರಿಕೆ ಕೇಳಿ ವರ್ಷದ ಮೇಲಾಗಿತ್ತು.

"ಸುಧಾ, ಈ ಸಲ ಎಣಿಸ್ಬೇಡ! ಕೆಳಗೋಗಿ ಟೀ ಕುಡ್ದು ಬಾ!" ಅಂತ ಕೂಗಿದರು ದೊಡ್ಡಪ್ಪ.

ಸುಧಾ ಮೇಲೆ ನೋಡಿದಳು. ಬಲೆಯ ಹಿಂದಿನ ಮುಖ ಇವಳನ್ನೇ ನೋಡುತ್ತಿತ್ತು. ಅಳುತ್ತಿರಲಿಲ್ಲ. "ಬೇಗ ಬಾ" ಅಂದಿತು.

ಅವಳು ಹೋದಳು. ಹಾಲ್‌ನಲ್ಲಿ ಯಾರೂ ಎಣಿಸಲಿಲ್ಲ. ಒಂದು ನಿಮಿಷ. ಎರಡು ನಿಮಿಷ. ಮಗು ಬಾಗಿಲನ್ನೇ ನೋಡುತ್ತಿತ್ತು. ಮೋನಿ ಮೇಲೆ ಹತ್ತಿ, "ಚಾರು, ಜಾರ್ತೀಯಾ? ನಾನು ಹಿಂದೆ ಹಿಡ್ಕೋತೀನಿ" ಅಂದಳು. ಚಾರ್ವಿ ತಾತನ ಮುಖ ನೋಡಿದಳು. ತಾತ ಚಾವಣಿ ನೋಡುತ್ತಿದ್ದರು. ಇನ್ನೊಂದು ಸಲ ಬಾಗಿಲು ನೋಡಿದಳು.

ಆಮೇಲೆ ಬಾಗಿಲಿಗೆ ಬೆನ್ನು ಹಾಕಿ, ಜಾರುಬಂಡೆಯ ತುದಿಯಲ್ಲಿ ಕೂತು, ಜರ್ರನೆ ಇಳಿದು ಚೆಂಡುಗಳ ಕೊಳಕ್ಕೆ ಬಿದ್ದಳು! ಒಂದು ಕ್ಷಣ ಏನೂ ಕಾಣಿಸಲಿಲ್ಲ. ಚೆಂಡುಗಳ ನಡುವಿನಿಂದ ಒಂದು ತಲೆ ಮೇಲೆ ಬಂತು. ನಗುತ್ತಿತ್ತು. ಎದ್ದು ಮತ್ತೆ ಗೂಡಿನ ಕಡೆ ಓಡಿತು.

ಈಗ ಮೇಲೆ ಉಳಿದವರು ದೊಡ್ಡಪ್ಪ ಒಬ್ಬರೇ. "ಮಂಡಿ ಹಿಡ್ಕೊಂಡೈತೆ. ಇಳಿಯಕ್ಕಾಗಲ್ಲ" ಅಂದರು ಶಾಂತವಾಗಿ. ಬಂದ ದಾರಿಯಲ್ಲಿ ತೆವಳುವ ಹಾಗಿರಲಿಲ್ಲ. ಉಳಿದದ್ದು ಜಾರುಬಂಡೆ. ಮೋನಿ ಮತ್ತು ಇಬ್ಬರು ಟೋಪಿ ಮಕ್ಕಳು ಹಿಂದಿನಿಂದ ತಳ್ಳಿದರು. ಕಚ್ಚೆ, ನೇರಳೆ ಸಾಕ್ಸ್, ವಿಭೂತಿ ಸಮೇತ ದೊಡ್ಡಪ್ಪ ಮೇಲಿನಿಂದ ಕೆಳಕ್ಕೆ ಇಳಿದು ಚೆಂಡುಗಳಲ್ಲಿ ಕುತ್ತಿಗೆಯವರೆಗೆ ಮುಳುಗಿದರು. ಹಾಲ್ ಪೂರ್ತಿ ಚಪ್ಪಾಳೆ. ದೊಡ್ಡಮ್ಮ ದಡದಲ್ಲಿ ನಿಂತು, "ಮೂಳೆ ಎಲ್ಲ ಸರಿಯಾಗಿದಾವೇನ್ರೀ?" ಅಂತ ಕೇಳಿದರು. ಬೈಯುವ ದನಿಯಲ್ಲೇ ಕೇಳಿದರು. ಆದರೆ ಎತ್ತಲು ಎರಡೂ ಕೈ ಚಾಚಿದ್ದರು.

ಇದೆಲ್ಲ ಆದ ಮೇಲೆ ನನಗೆ ಹೊಳೆಯಿತು. ಸುಧಾ ಹೊರಗೆ ಹೋಗಿ ಎಷ್ಟು ಹೊತ್ತಾಯಿತು?

ಗಾಜಿನ ಬಾಗಿಲು ತಳ್ಳಿ ಹೋದೆ. ಅವಳು ಟೀ ಕುಡಿಯಲು ಹೋಗಿರಲಿಲ್ಲ. ಐದಾರು ಮೆಟ್ಟಿಲು ಇಳಿದು ಗೋಡೆಗೆ ಒರಗಿ ಕೂತಿದ್ದಳು.

"ಅಳ್ತಿದಾಳಾ?" ಅಂತ ಏಳಲು ಹೋದಳು.

"ಇಲ್ಲ ಕಣೇ. ಜಾರ್ತಿದಾಳೆ. ನಾಲ್ಕನೇ ಸಲ."

ಮತ್ತೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. "ಇಲ್ಲಿ ಕೂತೆನಾ, ಏಳಕ್ಕೇ ಆಗ್ಲಿಲ್ಲ ಅಕ್ಕ" ಅಂದಳು. "ಅವರು ಹೋದಾಗಿಂದ ನಾನೊಬ್ಬಳೇ ಒಂದು ನಿಮಿಷ ಎಲ್ಲೂ ಕೂತಿರ್ಲಿಲ್ಲ. ಸ್ನಾನ ಮಾಡೋವಾಗ್ಲೂ ಅವಳು ನೋಡ್ತಿರ್ತಾಳೆ. ಅತ್ರೆ ಹೆದರ್ಕೋತಾಳೆ ಅಂತ ಅಳ್ಲೇ ಇಲ್ಲ ನಾನು."

ಅಷ್ಟು ಹೇಳಿ ನನ್ನ ಹೆಗಲಿಗೆ ಮುಖ ಒತ್ತಿದಳು. ನಾನು ತಡೆಯಲಿಲ್ಲ. ಅವಳು ಹುಟ್ಟಿದಾಗ ನನಗೆ ಆರು ವರ್ಷ. ಎತ್ತಿ ಆಡಿಸಿದವಳು ನಾನು. ಹದಿನೈದು ತಿಂಗಳು ದಿನಾ ಫೋನ್ ಮಾಡಿ "ಮಗು ಹೇಗಿದೆ?" ಅಂತ ಕೇಳಿದ್ದೆ. ನೀನು ಹೇಗಿದ್ದೀಯಾ ಅಂತ ಒಂದು ಸಲವೂ ಕೇಳಿರಲಿಲ್ಲ.

ಅಳು ನಿಂತಿತು ಅಂದುಕೊಂಡೆ. ನೋಡಿದರೆ ನಿದ್ದೆ ಹೋಗಿದ್ದಳು. ಸಂಜೆ ನಾಲ್ಕು ಗಂಟೆ, ಕೆಳಗೆ ರೋಡಿನ ತುಂಬ ಬಸ್ಸು ಲಾರಿಗಳ ಹಾರ್ನ್, ಮೆಟ್ಟಿಲ ಮೇಲೆ ಜನ ಹತ್ತಿ ಇಳಿಯುತ್ತಿದ್ದರು. ಅವಳು ಬಾಯಿ ಅರ್ಧ ತೆರೆದು ಮಲಗಿದ್ದಳು.

ಹಿಂದೆ ಬಾಗಿಲು ತೆರೆದ ಸದ್ದಾಯಿತು. ದೊಡ್ಡಪ್ಪ ಕುಂಟುತ್ತ ಬಂದರು. ಅವರ ಕಿರುಬೆರಳು ಹಿಡಿದು ಚಾರ್ವಿ. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ಮಡಿಸಿ, ಸುಧಾಳ ತಲೆಗೂ ನನ್ನ ಹೆಗಲಿನ ಮೂಳೆಗೂ ನಡುವೆ ಮೆತ್ತಗೆ ತೂರಿಸಿದರು. ಮಗು ಮೆಟ್ಟಿಲು ಇಳಿದು ಅಮ್ಮನ ಎದುರು ಬಂದು ನಿಂತಿತು. ಬಗ್ಗಿ ಮುಖವನ್ನು ಬಹಳ ಹತ್ತಿರದಿಂದ ನೋಡಿತು. ಉಸಿರು ಬರುತ್ತಿದೆಯಾ ಅಂತ ನೋಡುವ ಹಾಗೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಚಾರ್ವಿ ತುಟಿ ಮೇಲೆ ಬೆರಳಿಟ್ಟಳು.

"ಎಬ್ಬಿಸ್ಬೇಡ," ಅಂತ ಪಿಸುಗುಟ್ಟಿದಳು. "ನಾನು ಆಡಕ್ಕೆ ಹೋಗ್ತೀನಿ. ಎದ್ದ ತಕ್ಷಣ ನಾನು ಕಾಣ್ದಿದ್ರೆ ಅಮ್ಮ ಹೆದರ್ಕೋತಾಳೆ. ಒಳಗಡೆ ಇದಾಳೆ, ಬರ್ತಾಳೆ ಅಂತ ಹೇಳು."